ಪಿಟೀಲಿನ ಕವರಿನೊಳಗೆ ಅಮ್ಮ

ಒಂದಾನೊಂದು ಕಾಲದಲ್ಲಿ, ಎಂದರೆ ಇವತ್ತು ಬೆಳಿಗ್ಗೆ, ಹಳೇ ರೆಕಾರ್ಡ್ ಅಂಗಡಿ ತೆರೆಯುವುದನ್ನೇ ಒಬ್ಬ ಅಕ್ಕ, ಅವಳ ತಮ್ಮ ಸಾಲಿನಲ್ಲಿ ಕಾಯುತ್ತಿದ್ದರು. ಅವರ ಪಿಸುಮಾತು ಹಿಂದಿನವರಿಗೆಲ್ಲ ಕೇಳುತ್ತಿತ್ತು.

“ನಿನ್ನ ರೆಕಾರ್ಡಿಗೆ ಒಂದು ಗೀರು ಬಿದ್ರೆ ಮನೆ ತಲೆಮೇಲೆ ಹೊತ್ಕೋತೀಯ. ಅಮ್ಮ ಹಾಡಿದ್ದ ಒಂದೇ ಒಂದು ರೆಕಾರ್ಡನ್ನ ಮಾರಿ ಬಂದಿದೀಯಲ್ಲೋ!”

“ಬೇಕಂತ ಮಾರಿದ್ನಾ ಅಕ್ಕಾ? ಅದರ ಕವರ್ ಹರಿದಿತ್ತು ಅಂತ ಒಂದು ಪಿಟೀಲು ರೆಕಾರ್ಡಿನ ಕವರಲ್ಲಿ ಹಾಕಿಟ್ಟಿದ್ದೆ. ಆ ಪಿಟೀಲು ಮಾರುವಾಗ ಮರೆತೇಹೋಯ್ತು.”

“ಇವತ್ತೇ ತರ್ತೀನಿ ಅಂತ ಅಪ್ಪನಿಗೆ ಮಾತು ಕೊಟ್ಟಿದೀಯ. ಯಾರಾದ್ರೂ ಕೊಂಡುಹೋಗಿದ್ರೆ?”

“ಬಿಡ್ತು ಅನ್ನು!”

ಬಾಗಿಲು ತೆರೆಯಿತು. ತಮ್ಮ ಕೇಳಿದ್ದಕ್ಕೆ ಅಂಗಡಿಯವನು ತಲೆ ಕೆರೆದುಕೊಂಡ.

“ಆ ಪಿಟೀಲಾ? ನಿನ್ನೆಯೇ ಹೋಯ್ತಲ್ಲ.”

ಅಕ್ಕ ತಮ್ಮನ ತೋಳು ಬಿಗಿಯಾಗಿ ಹಿಡಿದಳು.

“ಸಂಜೆಗೇ ವಾಪಸ್ ಬಂತು ಬಿಡಿ. ಪಿಟೀಲೂ ಇಲ್ಲ ಏನೂ ಇಲ್ಲ, ಯಾರೋ ಹೆಂಗಸು ಹಾಡ್ತಾಳೆ ಅಂತ ಬೈದು ಇಟ್ಟುಹೋದ್ರು.”

“ಅವಳೇ ನಮ್ಮಮ್ಮ,” ಎಂದಳು ಅಕ್ಕ.

ಅಂಗಡಿಯವನು ವಾಪಸ್ ಕೊಟ್ಟ ರೆಕಾರ್ಡನ್ನು ತಮ್ಮ ಎದೆಗವಚಿಕೊಂಡ. ಇಬ್ಬರೂ ಅಪ್ಪನಿದ್ದಲ್ಲಿಗೆ ಓಡಿದರು.