ಬೆಲ್ಲ ಹಾಕದ ಗೊಜ್ಜು

...ಅವಳ ಮುಖಕ್ಕೇ ಅಂದ್ಬಿಟ್ಯಾ? ಪಾರ್ಕಲ್ಲಿ? ಎಲ್ಲರ ಎದುರಿಗೆ? ಅಯ್ಯೋ ಅಂಬುಜಾ, ಈಗ ನನ್ನ ಹೊಟ್ಟೆ ತಣ್ಣಗಾಯ್ತು ಕಣೆ! ಕೂತ್ಕೊ, ಕೂತ್ಕೊ... ಅಲ್ಲೇ, ಸೋಫಾ ಮೇಲೆ. ಅಡುಗೆಮನೆಗೆ ಬರ್ಬೇಡ, ಒಗ್ಗರಣೆ ಘಾಟು, ನಿಂಗೆ ಕೆಮ್ಮು ಹತ್ಕೊಳತ್ತೆ. ಫ್ಯಾನ್ ಹಾಕ್ತೀನಿ ಇರು. ಮೊದ್ಲು ಕಣ್ಣೊರೆಸ್ಕೊ.

ಬಾಗಿಲಲ್ಲೇ ನಿಂತು ಅಷ್ಟೂ ಹೇಳ್ದೆಯಲ್ಲ. ಇನ್ನೊಂದ್ಸಲ ಹೇಳೇ, ಕೇಳೋಕೆ ಚೆನ್ನಾಗಿದೆ! ಹೋಗ್ಲಿ, ನಾನೇ ಹೇಳ್ತೀನಿ. "ಮೈತ್ರೇಯಿ, ನಿನ್ನ ಸಿರಿಧಾನ್ಯದ ಹಿಟ್ಟು ತಿಂದೇ ನನ್ನ ಸಕ್ಕರೆ ಏರಿರೋದು. ಅದಕ್ಕೆ ಏನೇನು ಬೆರೆಸ್ತೀಯೋ ಏನೋ! ಇನ್ಮೇಲೆ ನಿನ್ನ ಗುಂಪೂ ಬೇಡ, ನಿನ್ನ ಸಹವಾಸಾನೂ ಬೇಡ." ಹೀಗೇ ತಾನೆ? ಭೇಷ್! ಅವಳು ಅತ್ಲಾ? ಅಳ್ಲಿ ಬಿಡು. ಏನೀಗ? ನೀನ್ಯಾಕೆ ಹಾಗೆ ಮುಖ ಮಾಡ್ತೀಯ? ಅವಳು ಅತ್ರೆ ನಿಂಗೇನು ಸಂಕಟ?

ನಾನು ಮೊದ್ಲೇ ಹೇಳಿದ್ದೆ. ಹೇಳಿರ್ಲಿಲ್ವಾ? ಗೋಕುಲಂನಲ್ಲಿ ಯೋಗ ಕಲಿಯೋಕೆ ಬರೋ ಫಾರಿನ್ನೋರಿಗೆ ರೂಮು ಬಾಡಿಗೆಗೆ ಕೊಟ್ಕೊಂಡು, ಅವರ ಜೊತೆ ನಾಲ್ಕು ಆಸನ ಕಲ್ತು, ನಮ್ಮ ರಾಮಕೃಷ್ಣನಗರಕ್ಕೆ ಬಂದು ಭಾಷಣ ಬಿಗಿಯೋಳು! "ಮುಟ್ಟು ನಿಂತ ಮೇಲೆ ನಮ್ಮ ಮೈ ಮೊದಲಿನ ಹಾಗಲ್ಲ, ಒಂದು ಚಮಚ ಸಕ್ಕರೆನೂ ಲೆಕ್ಕಕ್ಕೆ ಬರತ್ತೆ"... ನಮಗೆ ಗೊತ್ತಿರ್ಲಿಲ್ವಾ? ಮೈ ಇದ್ದಕ್ಕಿದ್ದ ಹಾಗೆ ಕಾವೇರೋದು, ಬೆವರೋದು, ಸೊಂಟ ದಪ್ಪ ಆಗೋದು, ಎಲ್ಲಾ ನಮ್ಮ ಮೈಗೇ ಅಲ್ವಾ ಬಂದಿರೋದು? ಅದಕ್ಕೆ ಅವಳು ಬಂದು ಒಂದು ಗುಂಪು ಕಟ್ಟಬೇಕಿತ್ತಾ? ಗುಂಪಿಗೆ ಹೆಸರು ಬೇರೆ. "ಸಿಹಿ ಬಿಟ್ಟ ಸಖಿಯರು"! ಸಖಿಯರಂತೆ ಸಖಿಯರು.

ನಗು, ನಗು. ನಕ್ರೆ ಚೆನ್ನಾಗಿ ಕಾಣ್ತೀಯ.

ನಿಜ ಹೇಳ್ಲಾ? ನನಗೆ ಉರೀತಿತ್ತು ಕಣೆ. ಸೊಸೆಯಾಗಿ ಈ ಬೀದಿಗೆ ಬಂದಾಗಿಂದ ನೀನು, ನಾನು. ಹೂವು ಬೇಕಾ, ಮಾರ್ಕೆಟ್ಟಿಗೆ ಇಬ್ರೂ. ಕಾಫಿ ಬೇಕಾ, ಒಂದು ತರಿಸಿ ಬೈಟು. ಅವಳು ಬಂದಿದ್ದೇ ಬಂದಿದ್ದು, ನೀನು ಸಕ್ಕರೆ ಬಿಟ್ಟೆ. ಬಿಡು, ಯಾರು ಬೇಡ ಅಂದ್ರು? ಆದ್ರೆ ನಿನ್ನ ಕಾಫಿ ಬೇರೆ ಆಯ್ತು, ನನ್ನ ಕಾಫಿ ಬೇರೆ ಆಯ್ತು. ಬಾಯಿ ತೆಗೆದ್ರೆ "ಮೈತ್ರೇಯಿ ಹಾಗಂದ್ಲು, ಮೈತ್ರೇಯಿ ಹೀಗಂದ್ಲು". ನಿನ್ನ ರೇಷ್ಮೆ ಬ್ಲೌಸು ಸಡಿಲ ಆಯ್ತಲ್ಲ, ಅದನ್ನ ಮೊದಲು ಯಾರಿಗೆ ಹೇಳ್ದೆ? ಅವಳಿಗೆ! ನನಗೆ ಗ್ರೂಪಲ್ಲಿ ಫೋಟೋ ನೋಡಿ ಗೊತ್ತಾಯ್ತು. ಅವಳು ನಿನ್ನ ಹೆಗಲ ಮೇಲೆ ಕೈ ಹಾಕ್ಕೊಂಡು ನಿಂತಿದ್ದಾಳೆ, ನೀನೇನೋ ಅವಳು ಹೆತ್ತ ಮಗಳ ಹಾಗೆ.

ಇಲ್ಲ ಇಲ್ಲ, ಹೇಳಿಬಿಡ್ತೀನಿ ಇವತ್ತು. ಅವತ್ತು ನಿನ್ನ ಹುಟ್ಟುಹಬ್ಬ. ಬೆಳಗ್ಗೆಯಿಂದ ಒಲೆ ಮುಂದೆ ನಿಂತು ಚಿರೋಟಿ ಮಾಡಿದ್ದೆ. ಪದರ ಪದರ ಬಿಟ್ಟಿತ್ತು, ಮುಟ್ಟಿದ್ರೆ ಪುಡಿ. ಅವಳು ಖರ್ಜೂರದ ಕೇಕು ತಂದ್ಲು. ನೀನು ಕಟ್ ಮಾಡ್ದೆ, ಎಲ್ಲರೂ ಚಪ್ಪಾಳೆ ಹೊಡೆದ್ರು. ನನ್ನ ಡಬ್ಬಿ ಮುಚ್ಚಳ ಕೂಡ ತೆಗೀಲಿಲ್ಲ ನೀನು. "ಬೇಜಾರು ಮಾಡ್ಕೋಬೇಡ ಲೀಲಾ" ಅಂತ ನನ್ನ ಕೈಗೇ ವಾಪಸ್ಸು ಕೊಟ್ಟೆ. ಖರ್ಜೂರ ಏನು ಬೇವಿನಕಾಯಾ? ಮನೆಗೆ ಬಂದು ಬಚ್ಚಲಲ್ಲಿ ನಿಂತು ಅತ್ತೆ, ಗೊತ್ತಾ? ಚಿರೋಟಿನೆಲ್ಲಾ ನಮ್ಮನೆಯವರೇ ತಿಂದು ಮುಗಿಸಿದ್ರು.

ಆಮೇಲೇ ಕಣೆ ನಾನು ಹಾಗಲಕಾಯಿ ಗೊಜ್ಜು ಶುರು ಮಾಡಿದ್ದು. ಅಂಬುಗೆ ಸಿಹಿ ಬೇಡ್ವಾ, ಕಹಿನೇ ಕೊಡ್ತೀನಿ! ಬೆಲ್ಲ ಹಾಕದೆ ಮಾಡ್ತೀನಿ! ನೀನು ಅದನ್ನ ರಾಗಿ ರೊಟ್ಟಿಗೆ ಹಚ್ಕೊಂಡು, ಅನ್ನಕ್ಕೆ ಕಲಸ್ಕೊಂಡು, ಬರೀ ಬೆರಳಲ್ಲೂ ನೆಕ್ಕೊಂಡು ತಿಂದಿದ್ದೇ ತಿಂದಿದ್ದು. ಅವತ್ತು ಅವಳೆದುರಿಗೇ ಅಂದೆಯಲ್ಲ, "ಬೆಲ್ಲ ಇಲ್ದೆ ಈ ರುಚಿ ತರೋದು ನಮ್ಮ ಲೀಲಂಗೆ ಮಾತ್ರ ಗೊತ್ತು" ಅಂತ. ಆಹಾ! ಅವಳ ಮುಖ ನೋಡ್ಬೇಕಿತ್ತು. ಅವತ್ತು ರಾತ್ರಿ ಊಟನೇ ಸೇರಲಿಲ್ಲ ನನಗೆ, ಖುಷಿಗೆ.

ಎಲ್ಲಿ, ಆ ರಿಪೋರ್ಟು ಕೊಡು. ಕನ್ನಡಕ ಎಲ್ಲಿಟ್ಟೆ... ಹಾಂ, ತಲೆ ಮೇಲೇ ಇದೆ. ಇದು ಹಿಂದಿನದು, ಇದು ಈಗಿನದು... ಇಷ್ಟಾ? ಇಷ್ಟು ಏರಿದ್ಯಾ? ನಾನೇನೋ ಸ್ವಲ್ಪ ಅಂದ್ಕೊಂಡೆ. ಈ ಕೆಳಗೆ ಡಾಕ್ಟ್ರು ಏನೋ ಗೀಚಿದ್ದಾರಲ್ಲ, ಏನಿದು? ಮಾತ್ರೆನಾ? ಯಾಕೆ ತಲೆ ಆಡಿಸ್ತೀಯ? ತೋಳು ಯಾಕೆ ತೋರಿಸ್ತೀಯ...

ಇಂಜೆಕ್ಷನ್ನಾ?

ದಿನಾನಾ? ಅಯ್ಯೋ... ಇಲ್ಲ, ಅಷ್ಟಕ್ಕೆಲ್ಲ ಹೋಗಲ್ಲ ಕಣೆ. ಡಾಕ್ಟ್ರುಗಳು ಹೆದರಿಸ್ತಾರೆ. ನಿಮ್ಮಮ್ಮಂದು ಬೇರೆ ಕಾಲ, ಅವರಿಗೆ ಸಕ್ಕರೆ ಬಿಡಿ ಅಂತ ಯಾರೂ ಹೇಳೋರಿರ್ಲಿಲ್ಲ. ಪಾಪ, ಕೊನೆಕೊನೆಗೆ ಕಣ್ಣು ಕಾಣದೆ ಬರೀ ಕೈಯಲ್ಲಿ ತಡವಿ ಹೂ ಕಟ್ತಿದ್ರು, ನಿಜ. ನಿಂಗೆ ಹಾಗೆಲ್ಲ ಆಗಲ್ಲ. ಅಳ್ಬೇಡ್ವೇ. ನೀನು ಅತ್ರೆ ನನಗೆ... ಕೈ ಕೊಡು ಇಲ್ಲಿ. ಎಷ್ಟು ತಣ್ಣಗಿದೆ.

ಏನು? ಏನು ಮೂಸ್ತಿದ್ದೀಯ? ಅಯ್ಯಯ್ಯೋ, ತಳ ಹಿಡೀತು! ಮರೆತೇಬಿಟ್ಟೆ! ನೀನ್ಯಾಕೆ ಎದ್ದೆ? ಕೂತ್ಕೊ, ನಾನು ಆರಿಸ್ತೀನಿ. ಬೇಡ್ವೇ, ಹೊಗೆ ಇದೆ ಅಲ್ಲಿ, ಅಂಬು, ನಾನು ಹೋಗ್ತೀನಿ ಅಂದ್ನಲ್ಲ... ಅಂಬೂ!

...ಆರಿಸ್ದೆಯಾ? ಸರಿ ಬಾ ಈಚೆಗೆ. ಏನು ನೋಡ್ತಾ ನಿಂತೆ? ಗೊಜ್ಜು ಕಣೆ, ನಿಂಗೇ ಮಾಡ್ತಿದ್ದೆ, ಬಾಟಲಿ ಖಾಲಿ ಆಗಿರತ್ತೆ ಅಂತ. ಹುಣಿಸೆಹಣ್ಣು ಸೀದ್ರೆ ಹಾಗೇ ವಾಸನೆ ಬರತ್ತೆ.

ಅದಾ? ಅದು... ಬೆಲ್ಲ. ಮಣೆ ಮೇಲೆ ಬೆಲ್ಲ ಇರಬಾರ್ದಾ? ನಮ್ಮನೆಯವರಿಗೆ ಪಾಯಸ ಮಾಡೋಣ ಅಂತ ಹೆರೆದಿಟ್ಟೆ. ಹೂಂ, ಇನ್ನೂ ಇಟ್ಟಿಲ್ಲ ಪಾಯಸಕ್ಕೆ. ಆಮೇಲೆ ಇಡ್ತೀನಿ.

ಸೌಟು ಯಾಕೆ ತಗೊಂಡೆ? ಬಿಸಿ ಇದೆ, ನಾಲಿಗೆ ಸುಡತ್ತೆ...

ಒಂದು ಚೂರು. ಒಂದೇ ಒಂದು ಚೂರು ಹಾಕಿದ್ದೆ, ಕಹಿ ಮುರಿಯೋಕೆ. ಬೆಲ್ಲ ಹಾಕದೆ ಯಾರಾದ್ರೂ ಗೊಜ್ಜು ಮಾಡ್ತಾರಾ? ನಿಮ್ಮಮ್ಮ ಮಾಡ್ತಿದ್ರಾ? ಬೆಲ್ಲ ಸಕ್ಕರೆ ಅಲ್ವಲ್ಲೇ! ಅದರಲ್ಲಿ ಕಬ್ಬಿಣದ ಸತ್ವ ಇದೆ, ಬಾಣಂತಿಗೂ ಕೊಡ್ತಾರೆ... ಯಾಕೆ ಹಾಗೆ ನೋಡ್ತೀಯ?

ಸರಿ. ಚೂರಲ್ಲ. ಒಂದು ಹಿಡಿ.

ನೋಡ್ಬೇಡ ಹಾಗೆ! ಒಂದು ಅಚ್ಚು. ಬಾಟಲಿಗೆ ಒಂದು ಪೂರ್ತಿ ಅಚ್ಚು. ಆಯ್ತಾ? ಆದ್ರೆ ಮೊದಲನೇ ಸಲ ಹಾಕಿರ್ಲಿಲ್ಲ, ದೇವರಾಣೆ ಹಾಕಿರ್ಲಿಲ್ಲ. ನೀನದನ್ನ ಬಾಯಿಗೆ ಹಾಕ್ಕೊಂಡು ಮುಖ ಕಿವುಚಿದೆ. "ಮೈತ್ರೇಯಿ ಸಾಲಡ್ಡೇ ವಾಸಿ" ಅಂದೆ. ತಮಾಷೆಗೇ ಅಂದೆ, ಗೊತ್ತು. ಆದ್ರೆ ಅಂದೆ. ಎರಡನೇ ಸಲ ಬೆಲ್ಲ ಬಿತ್ತು, ನೀನು ಬಾಟಲಿ ತೊಳೆದ ಹಾಗೆ ಬಳಿದು ತಂದು "ಇನ್ನೊಂದು ಕೊಡೇ" ಅಂತ ನನ್ನ ಬಾಗಿಲಿಗೆ ಬಂದು ನಿಂತೆ. ನನ್ನ ಬಾಗಿಲಿಗೆ! ಎಷ್ಟು ದಿನ ಆಗಿತ್ತು ನೀನು ಹಾಗೆ ಬಂದು. ಹೇಗೆ ಬಿಡ್ಲಿ ನಾನು, ಹೇಳು?

ನಿನ್ನ ಸಕ್ಕರೆ ಏರ್ಲಿ ಅಂತ ಹಾಕ್ಲಿಲ್ಲ. ತಾಯಾಣೆ ಅಂಬು, ನಿಂಗೆ ಕೆಟ್ಟದಾಗ್ಲಿ ಅಂತ ಅಲ್ಲ. ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚೇ. ಅವಳ ಹತ್ರ ಎಲ್ಲಾ ಇದೆ, ಸೊಂಟ ಇದೆ, ಇಂಗ್ಲಿಷ್ ಇದೆ, ಹಿಂದೆ ಮುಂದೆ ಓಡಾಡೋಕೆ ಹೆಂಗಸರಿದ್ದಾರೆ. ನನಗೆ ನೀನೊಬ್ಳು. ಇವತ್ತು ಅವಳನ್ನ ಬೈದು ಬಂದೆ ಅಂದಾಗ... ಆಗ್ಲೇ ಹೇಳ್ಬೇಕಿತ್ತು. ಅವಳ ಹಿಟ್ಟಿಂದಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಚಪ್ಪಾಳೆ ತಟ್ಟಿದೆ.

ಬಯ್ಯೇ ನನ್ನ. ಕೆನ್ನೆಗೆ ಹೊಡಿ. ಏನಾದ್ರೂ ಅನ್ನು.

ಯಾರಿಗೆ ಫೋನು? ನಿಮ್ಮನೆಯವರಿಗಾ? ಹೇಳು, ಸುದರ್ಶನ ಅವ್ರಿಗೆ ಹೇಳು, ಅವರೂ ಬಯ್ಲಿ... ನನಗ್ಯಾಕೆ ಕೊಡ್ತೀಯ? ರಿಂಗಾಗ್ತಿದೆ. ಯಾರಿಗೆ ಮಾಡಿದ್ದೀಯ, ಇಲ್ಲಿ... ಇಲ್ಲ. ಇಲ್ಲ ಅಂಬು. ಅವಳಿಗೆ ಬೇಡ. ನಿನ್ನ ಕಾಲು ಹಿಡ್ಕೋತೀನಿ, ಬೇರೆ ಯಾರ ಹತ್ರ ಬೇಕಾದ್ರೂ ಹೇಳ್ತೀನಿ, ಅವಳೊಬ್ಳ ಹತ್ರ...

...ಹಲೋ.

ಹಲೋ, ಅಂಬುಜಾ ಅಲ್ಲ. ನಾನು, ಪ್ರೇಮಲೀಲಾ. ಇಲ್ಲೇ ಇದ್ದಾಳೆ, ನನ್ನೆದುರಿಗೇ ನಿಂತಿದ್ದಾಳೆ. ಅಳಬೇಡಿ... ಇಲ್ಲ, ಅವಳು ಮಾತಾಡಲ್ಲ. ನಾನೇ ಮಾತಾಡ್ಬೇಕಂತೆ.

ಮೈತ್ರೇಯಿಯವರೇ... ನಿಮ್ಮ ಹಿಟ್ಟಲ್ಲಿ ಏನೂ ತಪ್ಪಿರ್ಲಿಲ್ಲ.