ಬಾಲದ ಹಿಂದೆ ಬಂದವನು

ಒಂದು ಒಗಟು ಹೇಳ್ತೀನಿ. ತೊಟ್ಟವರು ಯಾರನ್ನೂ ಹಿಂದೆ ಬಿಡೋ ಹಾಗಿಲ್ಲ. ಕಳೆದು ಹೋದರೆ ಹೊಸದು ಸಿಗುತ್ತೆ. ಬಿಚ್ಚಿ ಕೈಗೆ ಕೊಟ್ಟರೆ ಮೂಳೆ ಮುರಿಯುತ್ತೆ. ಏನದು?

ಯೋಚನೆ ಮಾಡಿ... ಬೇಡ, ಬಿಡಿ. ನಿಮಗೆ ಬರಲ್ಲ. ನಮ್ಮ ಮೇಷ್ಟ್ರಿಗೇ ಬರಲಿಲ್ಲ. ಬರಲಿಲ್ಲ ಅಂತ ಒಪ್ಪಿಕೊಳ್ಳೋ ಬದಲು ನನ್ನನ್ನೇ ಕ್ಲಾಸಿಂದ ಆಚೆ ಹಾಕಿದರು. ಆವತ್ತಿನ ನನ್ನ ವಿದ್ಯೆ ಅರ್ಧಕ್ಕೆ ನಿಂತದ್ದು ಹಾಗೆ.

ದೀಪ ಸಣ್ಣ ಮಾಡಿ. ಹತ್ತಿರ ಬನ್ನಿ. ಇದು ನಮ್ಮ ಪಕ್ಕದ ಮನೆ ವರ್ನಾ ಆಂಟಿಗೆ ಆದದ್ದು. ಆಂಟಿ ಸ್ಕೂಲ್ ಬಸ್ ಓಡಿಸ್ತಾರೆ. ಹಿಂದಿನ ಸೀಟಿಗೆ ನಾನು ಚ್ಯೂಯಿಂಗ್ ಗಮ್ ಅಂಟಿಸಿದರೆ ತಿರುಗಿ ನೋಡದೇ, "ಕಿತ್ತು ನಿನ್ನ ಬಾಯಿಗೇ ಹಾಕ್ಕೋ" ಅನ್ನೋ ಹೆಂಗಸು. ಸುಮ್ಮಸುಮ್ಮನೆ ಹೆದರೋರಲ್ಲ.

ನಮ್ಮೂರಲ್ಲಿ ಶನಿವಾರ ಬೆಟ್ಟ ಹತ್ತೋ ಗುಂಪೊಂದಿದೆ. ಬಹಳ ಒಳ್ಳೇ ಜನ. ಎದುರಿಗೆ ಅಳಿಲು ಬಂದರೂ ನಿಂತು ಮಾತಾಡಿಸಿ, ಬಾಳೆಹಣ್ಣಿನ ಕೇಕ್ ಮುರಿದು ಕೊಟ್ಟು ಹೋಗ್ತಾರೆ. ಮುಂದೆ ನಡೆಯೋದು ಆರಿನ್ ತಾತ, ಸೀಟಿ ಊದ್ಕೊಂಡು. ಎಲ್ಲರಿಗಿಂತ ಹಿಂದೆ ನಡೆಯೋರಿಗೆ ಇವರು "ಬಾಲ" ಅಂತಾರೆ. ಬಾಲಕ್ಕೆ ಒಂದು ಕಿತ್ತಳೆ ಬಣ್ಣದ ಜಾಕೆಟ್ಟು. ಯಾರಾದರೂ ನಿಂತರೆ ಬಾಲವೂ ನಿಲ್ಲಬೇಕು, ಅವರನ್ನ ಎಬ್ಬಿಸಿ ನಡೆಸಬೇಕು. ಕಿತ್ತಳೆ ಜಾಕೆಟ್ಟಿನ ಹಿಂದೆ ಗುಂಪಿನವರು ಒಬ್ಬರೂ ಇರಬಾರದು. ಅದೊಂದೇ ಕಾನೂನು. ಹಾಂ... ಒಗಟಿಗೆ ಉತ್ತರ ಆ ಜಾಕೆಟ್ಟೇ. ಮೂಳೆ ವಿಷಯಕ್ಕೆ ಈಗ ಬರ್ತೀನಿ.

ವರ್ನಾ ಆಂಟಿ ಬಾಲ. ಆವತ್ತು ತಮ್ಮ ಡೆಲ್ಬರ್ಟ್ ಅಂಕಲ್‌ನೂ ಎಳ್ಕೊಂಡು ಹೋಗಿದ್ದರು. ಅಂಕಲ್‌ಗೆ ಮಂಡಿ ಆಪರೇಷನ್ ಆಗಿ, ಬೇಸಿಗೆಯೆಲ್ಲಾ ಸೋಫಾ ಬಿಟ್ಟು ಎದ್ದಿರಲಿಲ್ಲ.

"ನನ್ನ ಕೈಲಾಗಲ್ಲ ಅಕ್ಕ."

"ಸೋಫಾಗೇ ಬೇರು ಬಿಡ್ತೀಯಲ್ಲೋ! ನಡಿ. ನಿನ್ನ ಹಿಂದೆ ನಾನಿರ್ತೀನಿ. ಮನೆ ಮುಟ್ಟಿಸೋದು ನನ್ನ ಜವಾಬ್ದಾರಿ."

ಹತ್ತಿದ್ದು ಸಲೀಸು. ಇಳಿಯುವಾಗ ಮಂಡಿ ಊದಿಕೊಂಡಿತು. ನವೆಂಬರ್ ತಿಂಗಳು... ಕತ್ತಲೆ ಅನ್ನೋದು ಹೇಳದೇ ಕೇಳದೇ ಬರುತ್ತೆ. ಮುಂದಿನವರ ದೀಪ ಮರಗಳ ಮಧ್ಯೆ ಸಣ್ಣಗಾಯಿತು. ಸುಟ್ಟುಹೋದ ಹಳೇ ಮನೆ ಹತ್ತಿರ ಬಂದರು. ಅಲ್ಲಿ ಗೋಡೆ ಇಲ್ಲ, ಬಾವಿ ಮಾತ್ರ ಇದೆ. ಮೇಲೆ ಹಲಗೆ ಮುಚ್ಚಿದ್ದಾರೆ.

ದಾಟಿ ಹತ್ತು ಹೆಜ್ಜೆ ಹೋಗಿಲ್ಲ...

ಕಿರ್ರ್.

ಹಲಗೆ ಸರಿದ ಸದ್ದು. ಆಮೇಲೆ ಒಣಗಿದ ಎಲೆ ಮೇಲೆ, ಚರ್... ಚರ್... ಟಕ್. ಚರ್... ಚರ್... ಟಕ್. ಕೋಲೂರಿಕೊಂಡು ಬರೋ ನಡಿಗೆ.

"ಅಕ್ಕ," ಅಂಕಲ್ ಪಿಸುಗುಟ್ಟಿದರು, "ಹಿಂದೆ ಯಾರೋ..."

"ನಮ್ಮೋರೇ ಯಾರೋ. ಮರದ ಮರೆಗೆ ಹೋಗಿ ಹಿಂದೆ ಉಳ್ಕೊಂಡಿರಬೇಕು."

ಆಂಟಿ ದಾರಿ ಬಿಟ್ಟು ಪಕ್ಕಕ್ಕೆ ನಿಂತರು. "ಮುಂದೆ ಹೋಗ್ತೀರಾ?"

ಸದ್ದು ನಿಂತಿತು. ತೊಟ್... ತೊಟ್... ಅಂತ ನೀರು ತೊಟ್ಟಿಕ್ಕೋದು ಮಾತ್ರ.

ಅಷ್ಟರಲ್ಲಿ ಅಂಕಲ್ ಮಂಡಿ ಕೈಕೊಟ್ಟಿತು. ಆಂಟಿ ಅವರ ಕಂಕುಳಿಗೆ ಭುಜ ಕೊಟ್ಟರು. ತಮ್ಮನನ್ನ ಹೊತ್ಕೊಂಡು ನಡೆಯೋದಾ, ಬಾಲ ಕಾಯೋದಾ? ಗುಂಪಿನ ಅಭ್ಯಾಸದಂತೆ ಒಂದು ಕೆಲಸ ಮಾಡಿದರು. ಜಾಕೆಟ್ಟು ಬಿಚ್ಚಿ, ಹಿಂದಕ್ಕೆ ನೋಡದೇ ಕೈ ಚಾಚಿದರು.

"ನೀವೇ ಕೊನೆ ಅಲ್ವಾ? ಹಾಕ್ಕೊಳ್ಳಿ. ಈಗ ನೀವೇ ಬಾಲ."

ಒದ್ದೆ ಕೈಯೊಂದು ತಗೊಂಡಿತು. ಸರ್ರ್ರ್... ಜಿಪ್ಪು ಎಳೆದ ಸದ್ದು.

ಅಂಕಲ್ ಉಸಿರು ತಗೊಳ್ಳೋಕೆ ಒಂದು ಗಳಿಗೆ ನಿಂತರು. ಅಷ್ಟೇ.

ಫಟ್!

ಕೋಲು ಬೆನ್ನಿಗೆ ಬಿತ್ತು. ಅಂಕಲ್ ಮೂತಿ ಮುಂದಾಗಿ ಬಿದ್ದರು. ಎರಡನೇ ಏಟು ಪಕ್ಕೆಗೆ. ಒಣ ಕೊಂಬೆ ಮುರಿದ ಹಾಗೆ ಲಟಕ್ ಅಂತು.

"ನಡಿ," ಅಂತು ಅದು. ಬಾಯಿ ತುಂಬ ಕೆಸರು ಇಟ್ಕೊಂಡು ಮಾತಾಡಿದ ಹಾಗೆ.

ಆಂಟಿ ತಿರುಗಿದರು. ಕತ್ತಲಲ್ಲಿ ಕಿತ್ತಳೆ ಜಾಕೆಟ್ಟು. ಅದರ ಮೇಲೆ ಮುಖಕ್ಕಂಟಿದ ಒದ್ದೆ ಕೂದಲು... ಮುಖ ಎಲ್ಲಿ ಶುರು, ಎಲ್ಲಿ ಕೊನೆ, ಗೊತ್ತಾಗಲ್ಲ. ಕೋಲು ಮತ್ತೆ ಎದ್ದಿತು. ಆಂಟಿ ಕೈ ಅಡ್ಡ ಕೊಟ್ಟರು. ಎರಡು ಬೆರಳು ಆಗಲೇ ಹೋದವು.

ಕಿರುಚಾಟ ಕೇಳಿ ಆರಿನ್ ತಾತ ದೀಪ ಹಿಡ್ಕೊಂಡು ಓಡಿ ಬಂದರು. "ಯಾರೋ ಅದು? ಬಿಡೋ ಅವನ್ನ!" ಅಂತ ದಾರಿ ಮಧ್ಯೆ ನಿಂತರು. ನಿಂತದ್ದೇ ತಪ್ಪು. ಕೋಲಿನ ತುದಿ ದವಡೆಗೆ ಬಡಿಯಿತು. ಹಲ್ಲುಗಳು ಕಲ್ಲಿನ ಮೇಲೆ ಟಿಣ್ ಟಿಣ್ ಅಂತ ಬಿದ್ದದ್ದು ಅಂಕಲ್‌ಗೆ ಕೇಳಿಸಿತಂತೆ. ಈಸ್ಟರ್ ಹಬ್ಬದವರೆಗೆ ತಾತ ಸೂಪನ್ನು ಸ್ಟ್ರಾನಲ್ಲಿ ಹೀರಿದರು. ನಗಬೇಡಿ. ನಾನೂ ನಗಲಿಲ್ಲ... ಜಾಸ್ತಿ ನಗಲಿಲ್ಲ.

"ನಡಿ."

ಆಗ ಆಂಟಿಗೆ ಹೊಳೆಯಿತು. ಇದು ಬಾಲದ ಕೆಲಸ ಮಾಡ್ತಿದೆ. ನಿಂತವರನ್ನ ನಡೆಸ್ತಿದೆ. ನಡೆಯೋವರೆಗೂ ಬಿಡಲ್ಲ. ಡೆಲ್ಬರ್ಟ್ ನಡೆಯೋ ಹಾಗಿಲ್ಲ. ಅಂದರೆ... ಸಾಯೋವರೆಗೂ ಹೊಡೆಯುತ್ತೆ.

"ಅಕ್ಕ, ನೀನು ಹೋಗು," ಅಂಕಲ್ ರಕ್ತ ಉಗಿದು ಅಂದರು.

"ಬಾಯ್ಮುಚ್ಚೋ."

ಆಂಟಿ ಓಡಿದರು. ಊರ ಕಡೆಗಲ್ಲ... ಬಾವಿ ಕಡೆಗೆ. ಕೋಲು ಹಿಡಿದ ಅದರ ಪಕ್ಕದಲ್ಲೇ ನುಗ್ಗಿ ಹೋಗುವಾಗ ಒಂದು ಏಟು ಕಿವಿಗೆ ಬಿತ್ತು. ಆದರೂ ಆಂಟಿ ಬೀಳಲಿಲ್ಲ. ಅದರ ಹಿಂದೆ ಹೋಗಿ ನಿಂತು, ಬಸ್ಸಿನಲ್ಲಿ ನಮ್ಮ ಮೇಲೆ ಕೂಗ್ತಾರಲ್ಲ, ಅದೇ ದನಿಯಲ್ಲಿ ಕೂಗಿದರು.

"ಏಯ್! ನಿನ್ನ ಹಿಂದೆ ನಾನಿದ್ದೀನಿ! ನಾನು ಕೊನೆ! ಜಾಕೆಟ್ಟು ಕೊಡು ಇಲ್ಲಿ!"

ಎತ್ತಿದ ಕೋಲು ಗಾಳಿಯಲ್ಲೇ ನಿಂತಿತು. ಅದು ನಿಧಾನವಾಗಿ ತಿರುಗಿತು. ಚರ್... ಚರ್... ಟಕ್.

ಆಂಟಿ ಕಾಲರ್‌ಗೆ ಕೈ ಹಾಕಿದರು. ಅದು ಹೊಟ್ಟೆಗೆ ಗುದ್ದಿತು. ಆಂಟಿ ಅದರ ಮಣಿಕಟ್ಟಿಗೆ ಹಲ್ಲೂರಿದರು, ತುಕ್ಕು ಕಬ್ಬಿಣದ ರುಚಿ. ಇಬ್ಬರೂ ಉರುಳಿಕೊಂಡು ಬಾವಿ ಕಟ್ಟೆಗೆ ಬಡಿದರು. ಜಿಪ್ಪು ಕಿತ್ತು ಬಂತು. ಜಾಕೆಟ್ಟು ಆಂಟಿ ಕೈಗೆ ಬಂದಿದ್ದೇ ತಡ, ಅದು ಹೋ ಅಂತ ಕಿರುಚಿ ಬಾವಿಗೆ ಬಿತ್ತು. ಗುಳುಂ! ಮೇಲಿಂದ ಹಲಗೆ ತಾನೇ ಮುಚ್ಕೊಂಡಿತು. ಡಬ್!

...

ಸರಿ, ಹಾಗೆ ನೋಡಬೇಡಿ. ಕೊನೆ ಭಾಗ ನಾನು ಕಟ್ಟಿದ್ದು. ಅದು ತಿರುಗೋವರೆಗೆ ಡೆಲ್ಬರ್ಟ್ ಅಂಕಲ್ ಕಣ್ಣಾರೆ ಕಂಡದ್ದು, ನಮ್ಮ ಜಗಲಿ ಮೇಲೆ ಕೂತು ನನಗೆ ಹೇಳಿದ್ದು. ಆಮೇಲೆ ಏನಾಯ್ತೋ ಯಾರಿಗೂ ಗೊತ್ತಿಲ್ಲ. ಮುರಿದ ದವಡೆಯಲ್ಲೇ ಆರಿನ್ ತಾತ ಅಂಕಲ್‌ನ ಕೆಳಕ್ಕೆ ಎಳ್ಕೊಂಡು ಹೋದರು. ಬಾವಿ ಕಡೆಯಿಂದ ಬಡಿಯೋ ಸದ್ದು ಕೇಳ್ತಾ ಇತ್ತು. ಆಮೇಲೆ ಅದೂ ಇಲ್ಲ. ಎಲ್ಲರೂ ಕಾರುಗಳ ಹತ್ತಿರ ಕಾದರು. ಬಹಳ ಹೊತ್ತಾದ ಮೇಲೆ ಆಂಟಿ ನಡ್ಕೊಂಡೇ ಬಂದರು, ಜಾಕೆಟ್ಟು ತೊಟ್ಟುಕೊಂಡು. ಒಂದು ಕಿವಿ ಹರಿದು ನೇತಾಡ್ತಾ ಇತ್ತು. ತಮ್ಮ ಬದುಕಿದ್ದಾನಾ ಅಂತ ನೋಡಿದರು. ಬಾವಿ ಹತ್ತಿರ ಏನಾಯ್ತು ಅಂತ ಇವತ್ತಿಗೂ ಹೇಳಿಲ್ಲ. ನಮ್ಮೂರ ಪೊಲೀಸ್ ಶೆರಿಫ್ ಬಂದು ಇದು ಕರಡಿ ಕೆಲಸ ಅಂದ. ಕರಡಿ ಕೋಲು ಹಿಡಿಯುತ್ತಾ?

ಇನ್ನೊಂದಿದೆ. ಇದನ್ನ ನಾನು ಕಟ್ಟಿಲ್ಲ, ಬೇಕಾದರೆ ನಾಳೆ ನಮ್ಮ ಅಡುಗೆಮನೆ ಕಿಟಕಿಗೆ ಬನ್ನಿ, ತೋರಿಸ್ತೀನಿ. ವರ್ನಾ ಆಂಟಿ ಆ ಮನೇಲಿ ಒಬ್ಬರೇ ಇರೋದು. ಕೆಲಸದಿಂದ ಬಂದು ಬೀಗ ತೆಗೀತಾರೆ. ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಲ್ತಾರೆ. ಕೋಲೂರಿಕೊಂಡು ಬರೋರು ಒಬ್ಬರು ಮೆಟ್ಟಿಲು ಹತ್ತಿ ಒಳಗೆ ಹೋಗೋಕೆ ಎಷ್ಟು ಹೊತ್ತು ಬೇಕೋ, ಅಷ್ಟು ಹೊತ್ತು ನಿಂತಿರ್ತಾರೆ.

ಆಮೇಲೆ ತಾವು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ತಾರೆ.