ಧಣಿಯ ಮುಖಕ್ಕೇ ಹೇಳಿದ ಓಟು

ಕೆಂಟಕಿಯಲ್ಲಿ 1828ರ ಅಧ್ಯಕ್ಷ ಚುನಾವಣೆಯ ದಿನ. ಆಗ ಓಟನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು. ಕೋರ್ಟಿನ ಮೆಟ್ಟಿಲ ಬಳಿ ಶುಂಠಿ ಕೇಕು ಮಾರುತ್ತಿದ್ದ ಡಾರ್ಕಸಳ ಕಿವಿಯೆಲ್ಲ ಓಟಿನ ಸಾಲಿನ ಕಡೆಗೇ. ಗಿರಣಿಯ ಧಣಿ ಹಾರ್ಬಿನ್, ಒಕ್ಕಲು ಟ್ಯಾಕೆಟ್‌ನ ಪಕ್ಕಕ್ಕೇ ಬಂದು ನಿಂತಿದ್ದ.

"ಆ ಜಾಕ್ಸನ್‌ಗೆ ನೆಟ್ಟಗೆ ಕಾಗುಣಿತ ಬರಲ್ಲ ಕಣೋ. ಅವನು ಅಧ್ಯಕ್ಷನಾ?"

"ನಂಗೂ ಬರಲ್ಲ, ಧಣಿ. ಅದಕ್ಕೇ ಅವನು ನಮ್ಮೋನು."

"ಬೆಳಿಗ್ಗೆ ನನ್ನ ವಿಸ್ಕಿ ಕುಡಿದಿದ್ದೀಯ, ನೆನಪಿರಲಿ."

"ಚೆನ್ನಾಗಿತ್ತು. ಆದ್ರೆ ಕುಡಿದ ಬಾಯಿ ನಂದು."

"ನಾಳೆ ಜೋಳ ಎಲ್ಲಿ ಬೀಸಿಸ್ತೀಯ? ನನ್ನ ಗಿರಣಿ ಬಾಗಿಲು ನಿಂಗೆ ಮುಚ್ಚಿತು ಅಂದ್ಕೋ."

"ಅಜ್ಜನ ಕಾಲದ ಒರಳಿದೆ. ಕುಟ್ಕೋತೀನಿ."

"ಯಾರಿಗಯ್ಯಾ ನಿನ್ನ ಓಟು?" ಎಂದ ಓಟು ಬರೆದುಕೊಳ್ಳುತ್ತಿದ್ದ ಗುಮಾಸ್ತ.

ಟ್ಯಾಕೆಟ್ ಧಣಿಯತ್ತ ತಿರುಗಿ ಮುಖಕ್ಕೇ ಕೂಗಿದ: "ಆಂಡ್ರೂ ಜಾಕ್ಸನ್‌ಗೆ!"

ಅವನು ಮೆಟ್ಟಿಲಿಳಿದು ಹೋದ. ಹಾರ್ಬಿನ್ ಸಾಲಿನಲ್ಲಿದ್ದ ಮುಂದಿನ ಮುದುಕನನ್ನು ದುರುಗುಟ್ಟಿ ನೋಡಿದ.

"ನಮ್ಮನೇಲೂ ಒರಳಿದೆ, ಧಣಿ," ಎಂದ ಮುದುಕ.